ಮೊದಲ ಆರು ನಿಮಿಷದ ಹದ: ಮಡಚುವ ಕ್ಯಾಮೆರಾದಲ್ಲಿ ಸ್ಲೈಡು ತೆಗೆದು ಮನೆಯಲ್ಲೇ ತೊಳೆಯುವವರಿಗೆ

ನೆಗೆಟಿವ್ ಅಂದರೆ ಕಲಸಿಟ್ಟ ಹಿಟ್ಟು. ತೆಳುವಾಯಿತೋ ಗಟ್ಟಿಯಾಯಿತೋ, ಪ್ರಿಂಟ್ ಹಾಕುವಾಗ ಸರಿಮಾಡಿಕೊಳ್ಳಬಹುದು. ಸ್ಲೈಡು ಹಂಚಿನಿಂದ ಇಳಿದ ರೊಟ್ಟಿ. ಸೀದಿದ್ದರೆ ಸೀದಿತು, ಹಸಿ ಉಳಿದಿದ್ದರೆ ಹಸಿ. ಕ್ಯಾಮೆರಾದೊಳಗೆ ಬೆಳಕು ಕಂಡ ಅದೇ ಫಿಲ್ಮಿನ ತುಂಡು ಕೊನೆಗೆ ಚಿತ್ರವಾಗಿ ಅಂಗೈ ಮೇಲೆ ಬಂದು ಕೂರುತ್ತದೆ; ನಡುವೆ ತಿದ್ದುವವರು ಯಾರೂ ಇಲ್ಲ.

ಅರವತ್ತು ಎಪ್ಪತ್ತು ವರ್ಷ ಹಳೆಯ ಮಡಚುವ ಕ್ಯಾಮೆರಾದಲ್ಲಿ ಇಂಥ ಫಿಲ್ಮ್ ಹಾಕಿ ಬಚ್ಚಲುಮನೆಯಲ್ಲೇ ತೊಳೆಯುತ್ತೇನೆ ಅಂದರೆ ಹುಚ್ಚು ಅನ್ನುವವರಿದ್ದಾರೆ. ಹುಚ್ಚೇ ಇರಬಹುದು, ಆದರೆ ಅಂದುಕೊಂಡಷ್ಟು ಕಷ್ಟವಲ್ಲ. ಎರಡು ಅಂಕಿ ಹಿಡಿತದಲ್ಲಿದ್ದರೆ ಸಾಕು. ಒಂದು, ನಿಮ್ಮ ಷಟರ್ ನಿಜವಾಗಿ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು. ಇನ್ನೊಂದು, ಟ್ಯಾಂಕಿನೊಳಗಿನ ಮೊದಲ ಡೆವಲಪರ್ ಎಷ್ಟು ಬಿಸಿ ಇದೆ ಅನ್ನುವುದು. ಉಳಿದದ್ದೆಲ್ಲ ಸ್ವಲ್ಪ ಆಚೀಚೆಯಾದರೂ ನಡೆದುಹೋಗುತ್ತದೆ.

1. 120 ರೋಲು ಹಿಡಿಸುವ ಕ್ಯಾಮೆರಾ ಹುಡುಕಿ

ಅಂದ ನೋಡಿ ಕೊಂಡವರು ಆಮೇಲೆ ಫಿಲ್ಮ್ ಸಿಗದೆ ಶೋಕೇಸಿನಲ್ಲಿಡುತ್ತಾರೆ. 120 ಅಳತೆಯ ರೋಲು 1901ರಲ್ಲಿ ಕೊಡಾಕ್ ತಂದದ್ದು, ಇವತ್ತಿಗೂ ತಯಾರಾಗುತ್ತಿದೆ. ಕ್ಯಾಮೆರಾ ಮೇಲೆ 620 ಅಂತಿದ್ದರೆ ಫಿಲ್ಮ್ ಅದೇ, ಸುತ್ತುವ ಸ್ಪೂಲು ಮಾತ್ರ ಸಣ್ಣದು. ಕತ್ತಲಲ್ಲಿ ಕೂತು ಒಂದರಿಂದ ಇನ್ನೊಂದಕ್ಕೆ ಸುತ್ತಿಕೊಳ್ಳಬೇಕು. ಆ ತಾಳ್ಮೆ ಎರಡನೇ ಕ್ಯಾಮೆರಾಕ್ಕಿರಲಿ. ಜೈಸ್ ಐಕಾನ್‌ನ ನೆಟ್ಟಾರ್, ಆಗ್ಫಾದ ಐಸೊಲೆಟ್, ಫೋಕ್ಟ್‌ಲೆಂಡರ್‌ನ ಪರ್ಕಿಯೊ, ಇವೆಲ್ಲ 120 ನುಂಗುವಂಥವು. 6×6 ಸೆಂ.ಮೀ. ಚೌಕದ್ದಾದರೆ ರೋಲಿಗೆ 12 ಚಿತ್ರ, 6×9ರದ್ದಾದರೆ ಎಂಟೇ. ಸ್ಲೈಡ್ ರೋಲಿನ ಬೆಲೆ ನೋಡಿದರೆ ಚೌಕವೇ ವಾಸಿ.

ನನ್ನದು ದೊಡ್ಡಪ್ಪನ ಕಪಾಟಿನಿಂದ ಬಂದದ್ದು. ಚರ್ಮದ ಕವರಿನೊಳಗಿತ್ತು, ಲೆನ್ಸಿನ ಅಂಚಿನಲ್ಲಿ ಜೇಡರ ಬಲೆಯಂಥ ಬೂಷ್ಟು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಚರ್ಮದ ಕವರು ಚಂದ ಕಂಡರೂ ಮಳೆಗಾಲದಲ್ಲಿ ತೇವ ಹೀರಿ ಕೂರುತ್ತದೆ. ಕ್ಯಾಮೆರಾ ಬೇರೆ ಇಡಿ, ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜತೆ.

2. ಕತ್ತಲಲ್ಲಿ ಕೂತು ಬೆಲ್ಲೋಸಿಗೆ ಟಾರ್ಚು ಹಿಡಿಯಿರಿ

ಬೆಲ್ಲೋಸ್ ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಆ ಕಪ್ಪು ಮಡಿಕೆ, ಕಮ್ಮಾರನ ತಿದಿಯ ತಮ್ಮ. ಹಿಂದಿನ ಬಾಗಿಲು ತೆಗೆದು ಸಣ್ಣ ಎಲ್‌ಇಡಿ ಟಾರ್ಚನ್ನು ಒಳಗಿಟ್ಟು, ಕೋಣೆಯ ದೀಪ ಆರಿಸಿ. ಕಣ್ಣು ಕತ್ತಲೆಗೆ ಹೊಂದುವವರೆಗೆ ಎರಡು ನಿಮಿಷ ಸುಮ್ಮನೆ ಕೂರಿ. ಆಮೇಲೆ ಬೆಲ್ಲೋಸನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ. ತೂತಿದ್ದರೆ ಮಡಿಕೆಯ ಮೂಲೆಗಳಲ್ಲೇ ಇರುತ್ತದೆ, ದೂರದ ಊರಿನ ದೀಪದ ಹಾಗೆ ಮಿಣುಕುತ್ತದೆ. 1950ರ ದಶಕದ ಆಗ್ಫಾ ಬೆಲ್ಲೋಸುಗಳು ಈ ವಿಷಯಕ್ಕೆ ಕುಖ್ಯಾತ. ಜತೆಗೆ ಅವುಗಳ ಫೋಕಸ್ ಉಂಗುರದ ಹಸಿರು ಗ್ರೀಸು ಒಣಗಿ ಅಂಟಾಗಿ ಹಿಡಿದುಕೊಂಡಿರುವುದೂ ಮಾಮೂಲು.

ಒಂದೆರಡು ತೂತಾದರೆ ಕಪ್ಪು ಫ್ಯಾಬ್ರಿಕ್ ಪೇಂಟನ್ನು ಸಣ್ಣ ಕುಂಚದಲ್ಲಿ ತೆಳ್ಳಗೆ ಎರಡು ಸಲ ಹಚ್ಚಿ. ಪೂರ್ತಿ ಒಣಗುವ ತನಕ ಕ್ಯಾಮೆರಾ ಮಡಚಬೇಡಿ, ಅಂಟಿಕೊಂಡರೆ ಇದ್ದದ್ದೂ ಹರಿಯುತ್ತದೆ. ಹತ್ತಾರು ತೂತಿದ್ದರೆ ಹೊಸ ಬೆಲ್ಲೋಸೇ ಗತಿ.

3. ಎಣ್ಣೆ ಬಿಡಬೇಡಿ

ತೆಂಗಿನೆಣ್ಣೆ ಬೇಡ, ಹೊಲಿಗೆ ಯಂತ್ರದ ಎಣ್ಣೆಯೂ ಬೇಡ. ಷಟರಿನ ರೆಕ್ಕೆಗಳು ಒಣಗಿಯೇ ಓಡಬೇಕಾದವು. ಎಣ್ಣೆ ಕಂಡರೆ ಒಂದಕ್ಕೊಂದು ಅಪ್ಪಿಕೊಳ್ಳುತ್ತವೆ. ಸೆಲ್ಫ್ ಟೈಮರ್ ಸನ್ನೆಯನ್ನೂ ಮುಟ್ಟಬೇಡಿ. ಹಳೆಯ ಷಟರುಗಳಲ್ಲಿ ಮೊದಲು ಸಾಯುವುದು ಅದೇ, ಸಾಯುವಾಗ ಷಟರನ್ನೂ ಅರ್ಧದಲ್ಲೇ ಹಿಡಿದು ನಿಲ್ಲಿಸುತ್ತದೆ. ಫಿಲ್ಮ್ ಹಾಕುವ ಮೊದಲು ಒಂದೊಂದು ವೇಗದಲ್ಲೂ ಇಪ್ಪತ್ತು ಸಲ ಖಾಲಿ ಹೊಡೆಯಿರಿ, ಮೈಮುರಿದು ಏಳುತ್ತದೆ. ಏಳಲಿಲ್ಲವಾದರೆ ರಿಪೇರಿ ಬಲ್ಲವರ ಕೈಗೆ ಕೊಡಿ.

4. ಷಟರ್ ಹೇಳುವುದನ್ನು ನಂಬಬೇಡಿ, ಅಳೆಯಿರಿ

ಸ್ಲೈಡು ತೆಗೆಯುವವರು ಮುಗ್ಗರಿಸುವ ಮೊದಲ ಜಾಗ ಇದು.

ಹಳೆಯ ಸ್ಪ್ರಿಂಗು ಸೋಮಾರಿ. ಮೇಲೆ 1/200 ಅಂತ ಕೆತ್ತಿದ್ದರೂ ಒಳಗೆ 1/120 ಸೆಕೆಂಡಿನಲ್ಲಿ ನಡೆಯುತ್ತಿರುತ್ತದೆ. ನೆಗೆಟಿವ್ ಫಿಲ್ಮಿಗೆ ಇದು ಗೊತ್ತೇ ಆಗುವುದಿಲ್ಲ, ಒಂದೆರಡು ಪಟ್ಟು ಹೆಚ್ಚು ಬೆಳಕನ್ನು ಅದು ನಗುನಗುತ್ತಾ ನುಂಗುತ್ತದೆ. ಸ್ಲೈಡಿಗೆ ಮುಕ್ಕಾಲು ಸ್ಟಾಪ್ ಹೆಚ್ಚಾದರೆ ಆಕಾಶ ಸುಣ್ಣದ ಗೋಡೆ. ಸ್ಟಾಪ್ ಅಂದರೆ ಬೆಳಕು ಇಮ್ಮಡಿಯಾಗುವ ಅಥವಾ ಅರ್ಧಕ್ಕಿಳಿಯುವ ಒಂದು ಮೆಟ್ಟಿಲು. ಸ್ಲೈಡಿನಲ್ಲಿ ಅರ್ಧ ಮೆಟ್ಟಿಲಿನ ತಪ್ಪಿಗಷ್ಟೇ ಕ್ಷಮೆ.

ಅಳೆಯುವುದಕ್ಕೆ ಫೋನ್ ಸಾಕು. ಸ್ಲೋ ಮೋಷನ್ ವಿಡಿಯೊವನ್ನು ಸೆಕೆಂಡಿಗೆ 240 ಫ್ರೇಮಿಗೆ ಇಡಿ. ಕ್ಯಾಮೆರಾದ ಹಿಂಬಾಗಿಲು ತೆಗೆದು, ಲೆನ್ಸಿನ ಮುಂದೆ ಬೆಳಗುವ ಕಿಟಕಿ ಇರುವಂತೆ ನಿಲ್ಲಿಸಿ, ಹಿಂದಿನಿಂದ ವಿಡಿಯೊ ಮಾಡುತ್ತಾ ಷಟರ್ ಹೊಡೆಯಿರಿ. ಆಮೇಲೆ ಫ್ರೇಮ್ ಫ್ರೇಮಾಗಿ ಸರಿಸಿ, ಬೆಳಕು ಕಂಡವೆಷ್ಟು ಎಣಿಸಿ. 1/25 ಸರಿಯಾಗಿದ್ದರೆ ಒಂಬತ್ತೋ ಹತ್ತೋ ಬರಬೇಕು. ನನ್ನದರಲ್ಲಿ ಹದಿನಾಲ್ಕು ಬಂತು. 240ನ್ನು 14ರಿಂದ ಭಾಗಿಸಿದರೆ 17. ಅಂದರೆ ನನ್ನ 1/25 ಅಸಲಿಗೆ 1/17. 1/200ಕ್ಕೆ ಒಂದೇ ಫ್ರೇಮ್ ಸಿಗುವುದರಿಂದ ಈ ಲೆಕ್ಕ ನಡೆಯದು. ಅದಕ್ಕೆ ಫೋನಿಗೆ ಸಿಕ್ಕಿಸುವ ಪುಟ್ಟ ಬೆಳಕಿನ ಸೆನ್ಸರ್ ಸಿಗುತ್ತದೆ, ಬಲ್ಲ ಗೆಳೆಯರಿದ್ದರೆ ಎರವಲು ತನ್ನಿ. ಒಂದೇ ಸಲ ಹೊಡೆದು ನಂಬಬೇಡಿ. ಐದು ಸಲ ಹೊಡೆದು ಐದೂ ಹತ್ತಿರ ಬಂದರೆ ಷಟರ್ ಸೋಮಾರಿಯಾದರೂ ಪ್ರಾಮಾಣಿಕ. ಒಂದೊಂದು ಸಲ ಒಂದೊಂದು ಅಂಕಿ ಬಂದರೆ ರಿಪೇರಿಗೆ ಹೋಗಬೇಕಾದ್ದು.

ಬಂದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾದ ತಳಕ್ಕೆ ಅಂಟಿಸಿ. ನನ್ನ ಚೀಟಿ ಹೀಗಿದೆ: 25 ಅಂದರೆ 17, 75 ಅಂದರೆ 55, 200 ಅಂದರೆ 120. ಇಷ್ಟು ಗೊತ್ತಾದ ಮೇಲೆ ಷಟರ್ ಸರಿಮಾಡಿಸುವ ಗೊಡವೆಯೇ ಇಲ್ಲ. ಹಳೆಯ ಲೆನ್ಸುಗಳ ಅಪರ್ಚರ್ ಸನ್ನೆಗೆ ಕಟಕಟ ಅನ್ನುವ ಮೆಟ್ಟಿಲಿಲ್ಲ, ಜಾರುತ್ತಾ ಹೋಗುತ್ತದೆ. ನನ್ನ 200ರಲ್ಲಿ ಎಫ್ 11 ಇರಬೇಕಾದಲ್ಲಿ 11ಕ್ಕೂ 16ಕ್ಕೂ ನಡುವೆ, 16ರ ಕಡೆಗೆ ತುಸು ವಾಲಿಸಿಟ್ಟರೆ ಲೆಕ್ಕ ಚುಕ್ತಾ. ಕೊಡಗಿನ ಚಳಿಯಲ್ಲಿ ಬೆಳಗ್ಗೆ ಆರಕ್ಕೆ ಹೊಡೆಯುವವರು ಮಾತ್ರ ನೆನಪಿಡಿ, ಚಳಿಗೆ ಗ್ರೀಸು ಇನ್ನಷ್ಟು ಗಟ್ಟಿ; ಕ್ಯಾಮೆರಾವನ್ನು ಸ್ವೆಟರಿನೊಳಗೆ ಇಟ್ಟುಕೊಂಡೇ ಹೋಗಿ.

5. ಮೊದಲ ರೋಲು ಕಪ್ಪುಬಿಳುಪಿನದಾಗಿರಲಿ

ನಾನು ಕಲಿತದ್ದು ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ರೋಲಿನಲ್ಲಿ. ಆ ಕಾರ್ಖಾನೆ ಈಗಿಲ್ಲ, ಆದರೆ ಅಗ್ಗದ ಕಪ್ಪುಬಿಳುಪಿನ ರೋಲು ಬೇರೆಯವರದ್ದು ಸಿಗುತ್ತದೆ. ಬೆಳಕು ಸೋರುವುದು, ಚಿತ್ರದ ಮೇಲೆ ಚಿತ್ರ ಬೀಳುವುದು, ಇನ್ಫಿನಿಟಿ ಫೋಕಸ್ ತಪ್ಪಿರುವುದು, ಎಲ್ಲ ಆ ರೋಲಿನಲ್ಲೇ ಬಯಲಾಗಲಿ. ಸ್ಲೈಡ್ ರೋಲು ಹಾಕಿ ತೂತು ಹುಡುಕುವುದು ರೇಷ್ಮೆ ಸೀರೆಯಲ್ಲಿ ಒಲೆ ಒರೆಸಿದ ಹಾಗೆ.

6. ಕೆಂಪು ಕಿಟಕಿಗೆ ಪಟ್ಟಿ ಹಚ್ಚಿ

ಹಿಂಬಾಗಿಲಿನ ಪುಟ್ಟ ಕೆಂಪು ಕಿಟಕಿಯಲ್ಲಿ ರೋಲಿನ ಕಾಗದದ ಮೇಲಿನ ಅಂಕಿ ನೋಡಿ ಮುಂದೆ ಸುತ್ತುತ್ತೇವೆ. ಕೆಂಪು ಬೆಳಕು ಕಾಣದ ಹಳೇ ಕಾಲದ ಫಿಲ್ಮಿಗೆ ಅದು ಭದ್ರ ಕಿಟಕಿ. ಇವತ್ತಿನ ಬಣ್ಣದ ಫಿಲ್ಮಿಗೆ ಕೆಂಪೂ ಕಾಣುತ್ತದೆ. ಕಪ್ಪು ಇನ್ಸುಲೇಷನ್ ಟೇಪಿನ ತುಂಡೊಂದನ್ನು ಬಾಗಿಲಿನ ಹಾಗೆ ಹಚ್ಚಿಕೊಳ್ಳಿ. ನೆರಳಿಗೆ ತಿರುಗಿ, ಎತ್ತಿ, ಸುತ್ತಿ, ಮುಚ್ಚಿ.

7. ಮೊದಲು ಬಿಚ್ಚಿ, ಆಮೇಲೆ ಸುತ್ತಿ

ಕ್ಯಾಮೆರಾ ಫಟ್ಟನೆ ಬಿಚ್ಚಿಕೊಂಡಾಗ ಬೆಲ್ಲೋಸ್ ಗಾಳಿ ಎಳೆಯುತ್ತದೆ, ಜತೆಗೆ ಫಿಲ್ಮನ್ನೂ ಮುಂದಕ್ಕೆ ಉಬ್ಬಿಸುತ್ತದೆ. ಚಿತ್ರದ ನಡುಭಾಗ ಮಬ್ಬು, ಅಂಚು ಚೂಪು ಬಂದರೆ ಕಾರಣ ಬಹುಮಟ್ಟಿಗೆ ಇದೇ. ಬಾಗಿಲನ್ನು ಬೆರಳಿನಿಂದ ತಡೆಹಿಡಿದು ನಿಧಾನ ಬಿಚ್ಚಿ. ಬಿಚ್ಚಿದ ಮೇಲೆಯೇ ಮುಂದಿನ ಅಂಕಿಗೆ ಸುತ್ತಿ. ಆಗ ಫಿಲ್ಮ್ ಮತ್ತೆ ಬಿಗಿಯಾಗುತ್ತದೆ. ಚಿತ್ರ ತೆಗೆದ ತಕ್ಷಣ ಸುತ್ತುವ ಅಭ್ಯಾಸದವರು ಸುತ್ತಿದೆನೋ ಇಲ್ಲವೋ ಅನ್ನುವ ಗೊಂದಲಕ್ಕೆ ಬೀಳುವುದಿಲ್ಲ, ನಿಜ. ಆ ಗೊಂದಲಕ್ಕೆ ಮದ್ದು ಜೇಬಿನಲ್ಲೊಂದು ಪುಟ್ಟ ನೋಟುಪುಸ್ತಕ. ಚಿತ್ರದ ಅಂಕಿ, ಷಟರ್, ಅಪರ್ಚರ್ ಬರೆಯುತ್ತಾ ಹೋಗಿ. ತೊಳೆದಾದ ಮೇಲೆ ತಪ್ಪು ಎಲ್ಲಾಯಿತು ಅಂತ ತಿಳಿಯುವುದಕ್ಕೂ ಅದೇ ಸಾಕ್ಷಿ.

8. ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ

ಇಂಥ ಬಹಳಷ್ಟು ಕ್ಯಾಮೆರಾಗಳಲ್ಲಿ ಫೋಕಸ್ ಕಣ್ಣಿಗೆ ಕಾಣುವುದಿಲ್ಲ, ಮೀಟರ್ ಅಂದಾಜು ಮಾಡಿ ಉಂಗುರ ತಿರುಗಿಸಬೇಕು. 75 ಮಿ.ಮೀ. ಲೆನ್ಸನ್ನು ಎಫ್ 11ಕ್ಕಿಟ್ಟು 10 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು ಐದು ಮೀಟರಿನಿಂದ ಆಚೆಯದೆಲ್ಲ ಚೂಪು. ನೆಟ್ಟಾರಿನಂಥವುಗಳಲ್ಲಿ ದೂರದ ಉಂಗುರದ ಮೇಲೂ ಅಪರ್ಚರಿನ ಮೇಲೂ ಒಂದೊಂದು ಕೆಂಪು ಚುಕ್ಕಿ ಇರುವುದು ಇದಕ್ಕೇ. ಎರಡೂ ಚುಕ್ಕಿ ಕೂಡಿಸಿ, ಚಿಂತೆ ಬಿಡಿ. ಎರಡು ಮೀಟರಿನ ಮುಖಚಿತ್ರಕ್ಕೆ ಮಾತ್ರ ಟೇಪು ಹಿಡಿಯಿರಿ, ನಾಚಿಕೆ ಬೇಡ.

9. ತೋಟದೊಳಗೆ ಬೇಡ, ತೋಟದ ಅಂಚಿಗೆ ಬನ್ನಿ

ಮೀಟರ್ ಇಲ್ಲದವರಿಗೆ ಹಳೆಯ ಸೂತ್ರ: ಸ್ವಚ್ಛ ಬಿಸಿಲಿದ್ದರೆ ಅಪರ್ಚರ್ ಎಫ್ 16, ಷಟರ್ ಫಿಲ್ಮಿನ ಐಎಸ್‌ಒ ಎಷ್ಟೋ ಅದರ ಒಂದಂಶ. ಐಎಸ್‌ಒ 100 ಆದರೆ 1/100. ತೆಳು ಮೋಡಕ್ಕೆ ಒಂದು ಮೆಟ್ಟಿಲು ತೆರೆಯಿರಿ, ದಟ್ಟ ಮೋಡಕ್ಕೆ ಮೂರು. ಈಗ ಫೋನಿನಲ್ಲೇ ಲೈಟ್ ಮೀಟರ್ ಆಪ್ ಇದೆ, ಅದೂ ಚೆನ್ನಾಗಿಯೇ ನಡೆಯುತ್ತದೆ.

ತೊಂದರೆ ಎಕ್ಸ್‌ಪೋಷರಿನ ಲೆಕ್ಕದಲ್ಲಿಲ್ಲ, ದೃಶ್ಯದ ಆಯ್ಕೆಯಲ್ಲಿದೆ. ಸ್ಲೈಡು ತಾಳುವ ಅಂತರ ಸುಮಾರು ಐದು ಸ್ಟಾಪ್. ಹಗಲು ಹನ್ನೊಂದರ ಅಡಿಕೆ ತೋಟ ನೆನಪಿಸಿಕೊಳ್ಳಿ: ನೆಲದ ಮೇಲೆ ನಾಣ್ಯ ಚೆಲ್ಲಿದ ಹಾಗೆ ಬಿಸಿಲಿನ ಮಚ್ಚೆ, ಸುತ್ತ ಕಡುನೆರಳು. ಮಚ್ಚೆಗೆ ಅಳೆದರೆ ಎಫ್ 16ರಲ್ಲಿ 1/125, ನೆರಳಿಗೆ ಅಳೆದರೆ ಎಫ್ 4.5ರಲ್ಲಿ 1/25. ಆರು ಮೆಟ್ಟಿಲು. ನಮ್ಮ ಕಣ್ಣು ಎರಡನ್ನೂ ಕಾಣುತ್ತದೆ, ಅಡಿಕೆ ಸಿಪ್ಪೆಯ ಎಳೆ ಕೂಡ ಕಾಣುತ್ತದೆ. ಸ್ಲೈಡಿನಲ್ಲಿ ಒಂದೋ ಮಚ್ಚೆಗಳು ಬಿಳಿ ತೂತು, ಇಲ್ಲವೇ ತೋಟವೆಲ್ಲ ಇದ್ದಿಲು. ಅದೇ ತೋಟಕ್ಕೆ ಬೆಳಗ್ಗೆ ಏಳಕ್ಕೆ ಮಂಜಿರುವಾಗ ಹೋಗಿ, ಅಥವಾ ಮೋಡ ಕವಿದ ಜೂನಿನಲ್ಲಿ. ಒಂದೂ ನಷ್ಟವಾಗದೆ ಬರುತ್ತದೆ.

ಬಿಸಿಲಲ್ಲೇ ತೆಗೆಯಬೇಕಾಗಿ ಬಂದರೆ ಬೆಳಕು ಬಿದ್ದ ಭಾಗಕ್ಕೆ ಅಳೆಯಿರಿ. ಬಿಳಿ ಪಂಚೆ ಉಟ್ಟವರು ಬಿಸಿಲಲ್ಲಿ ನಿಂತಿದ್ದರೆ ಪಂಚೆಯ ನೆರಿಗೆ ಉಳಿಯಬೇಕು. ಅವರ ಹಿಂದಿನ ಬಾಗಿಲು ಕಪ್ಪಾದರೆ ಆಗಲಿ. ಕಪ್ಪು ನೆರಳಿರುವ ಸ್ಲೈಡು ಚಂದ, ಬಿಳಿಚಿದ ಸ್ಲೈಡನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಫಿಲ್ಮ್ ಯಾವುದು? ಮೊದಲಿಗೆ ಫ್ಯೂಜಿಯ ಪ್ರೊವಿಯಾ 100ಎಫ್ ಅಥವಾ 2018ರಲ್ಲಿ ಮರುಹುಟ್ಟು ಪಡೆದ ಕೊಡಾಕ್ ಎಕ್ಟಾಕ್ರೋಮ್ ಇ100. ವೆಲ್ವಿಯಾ 50 ಮಳೆಗಾಲದ ಹಸಿರಿಗೆ ಹೇಳಿ ಮಾಡಿಸಿದ್ದು, ಮುಖಕ್ಕೆ ಹಿಡಿದರೆ ಮಾತ್ರ ಎಲ್ಲರಿಗೂ ಸಿಟ್ಟು ಬಂದಂತೆ ಕಾಣುತ್ತಾರೆ. ಫಿಲ್ಮ್ ಹಿಡಿದು ವಿಮಾನ ಹತ್ತುವಾಗ ಸ್ಕ್ಯಾನರಿಗೆ ಹಾಕದೆ ಕೈಯಲ್ಲೇ ಪರೀಕ್ಷಿಸಲು ಕೇಳಿಕೊಳ್ಳಿ; ಹೊಸ ಸಿಟಿ ಸ್ಕ್ಯಾನರುಗಳು ಫಿಲ್ಮನ್ನು ಕೆಡಿಸುತ್ತವೆ.

10. ಲೆನ್ಸಿಗೆ ಟೋಪಿ ಹಾಕಿ

ಹಳೆಯ ಗಾಜಿಗೆ ಲೇಪ ತೆಳು, ಕೆಲವಕ್ಕೆ ಇಲ್ಲವೇ ಇಲ್ಲ. ಬದಿಯಿಂದ ಬಿಸಿಲು ಬಿದ್ದರೆ ಬಣ್ಣದ ಮೇಲೆ ಹಾಲಿನ ಕೆನೆ ಕಟ್ಟುತ್ತದೆ. ಹುಡ್ ಸಿಗದಿದ್ದರೆ ಅಂಗೈ ಅಡ್ಡ ಹಿಡಿಯಿರಿ, ಚಿತ್ರದೊಳಗೆ ಬೆರಳು ಬಾರದಂತೆ.

11. ಹಗಲಲ್ಲಿ ಹತ್ತು ಸಲ, ಕಣ್ಣು ಮುಚ್ಚಿ ಹತ್ತು ಸಲ

ಹಾಳಾದ ರೋಲೊಂದನ್ನು ಬಲಿ ಕೊಡಿ. ಟ್ಯಾಂಕಿನ ಸ್ಪೈರಲ್‌ಗೆ ಅದನ್ನು ಸುತ್ತುವುದನ್ನು ಮೊದಲು ಬೆಳಕಲ್ಲಿ, ಆಮೇಲೆ ಕಣ್ಣು ಮುಚ್ಚಿ ಕಲಿಯಿರಿ. 120 ಫಿಲ್ಮ್ ತೆಳು, ಅಗಲ, ಹಟಮಾರಿ. ಸ್ಪೈರಲ್ ಒಂದು ಹನಿ ತೇವವಿಲ್ಲದೆ ಒಣಗಿರಬೇಕು. ಮಳೆಗಾಲದ ಸೆಕೆಯಲ್ಲಿ, ಬೆಳಕು ಹೊಗದ ಚೇಂಜಿಂಗ್ ಬ್ಯಾಗಿನೊಳಗೆ ಐದು ನಿಮಿಷಕ್ಕೇ ಕೈ ಬೆವರುತ್ತದೆ, ಬೆವರಿಗೆ ಫಿಲ್ಮ್ ಅಂಟುತ್ತದೆ. ಅಂಥ ಹೊತ್ತಲ್ಲಿ ಎಳೆದಾಡದೆ, ಫಿಲ್ಮನ್ನು ಟ್ಯಾಂಕಿಗೆ ಹಾಗೇ ಇಳಿಸಿ ಮುಚ್ಚಳ ಹಾಕಿ, ಕೈ ತೆಗೆದು, ಒರೆಸಿ, ಕಾಫಿ ಕುಡಿದು ಬನ್ನಿ. ಕಾಗದಕ್ಕೆ ಫಿಲ್ಮನ್ನು ಹಿಡಿಸಿರುವ ಅಂಟುಪಟ್ಟಿಯನ್ನು ರಪ್ಪನೆ ಕೀಳಬೇಡಿ. ಕತ್ತಲಲ್ಲಿ ನೋಡಿದವರಿಗೆ ಗೊತ್ತು, ಕೀಳುವಾಗ ಅಲ್ಲೊಂದು ನೀಲಿ ಮಿಂಚು ಹೊಳೆಯುತ್ತದೆ.

12. ನೀರು, ಬಾಟಲಿ, ಕೈಗವಸು

ಈ ತೊಳೆಯುವ ಪದ್ಧತಿಯ ಹೆಸರು ಇ-6, 1976ರದ್ದು. ಲ್ಯಾಬುಗಳಲ್ಲಿ ಆರು ದ್ರಾವಣ. ಮನೆಯವರಿಗೆ ಮೂರರ ಕಿಟ್ ಸಾಕು: ಮೊದಲ ಡೆವಲಪರ್, ಕಲರ್ ಡೆವಲಪರ್, ಬ್ಲಿಕ್ಸ್. ಕೊನೆಯಲ್ಲಿ ಅದ್ದುವ ಸ್ಟೆಬಿಲೈಸರ್ ಜತೆಗಿರುತ್ತದೆ. ಬೋರಿನ ಗಡಸು ನೀರಲ್ಲಿ ಕಲಸಬೇಡಿ, ಡಿಸ್ಟಿಲ್ಡ್ ವಾಟರ್ ತನ್ನಿ. ಬಾಟಲಿ ಕುತ್ತಿಗೆಯ ತನಕ ತುಂಬಿರಲಿ, ಡೆವಲಪರಿಗೆ ಗಾಳಿಯೇ ಶತ್ರು. ಮೂರಕ್ಕೂ ಬೇರೆ ಬೇರೆ ಬಣ್ಣದ ಆಲಿಕೆ ಇಡಿ. ಬ್ಲಿಕ್ಸಿನ ಹನಿ ಮೊದಲ ಡೆವಲಪರಿಗೆ ಬಿದ್ದರೆ ಹಾಲಿನ ಕೊಡಕ್ಕೆ ಹುಳಿ ಹಿಂಡಿದಂತೆಯೇ.

ಕಲರ್ ಡೆವಲಪರ್ ಚರ್ಮಕ್ಕೆ ಆಗದು, ತುರಿಕೆ ಏಳಿಸುತ್ತದೆ. ಕೈಗವಸು ಬೇಕೇ ಬೇಕು, ಕಿಟಕಿ ತೆರೆದಿರಬೇಕು. ಅಡುಗೆಮನೆಯ ಒಂದು ಲೋಟವೂ ಇತ್ತ ಬರಬಾರದು, ಇಲ್ಲಿಯದು ಅತ್ತ ಹೋಗಬಾರದು. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವುದಂತೂ ಮಕ್ಕಳಿರುವ ಮನೆಯಲ್ಲಿ ಅಪರಾಧ. ಮುಗಿದ ಬ್ಲಿಕ್ಸಿನಲ್ಲಿ ಬೆಳ್ಳಿ ಕರಗಿರುತ್ತದೆ. ತೆಂಗಿನ ಬುಡಕ್ಕೆ ಸುರಿಯದೆ ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ತೆಗೆಯುವ ಏರ್ಪಾಡಿರುವ ಲ್ಯಾಬಿಗೆ ಕೊಡಿ.

13. ಟಬ್ಬಿನ ಬಿಸಿ ಬೇರೆ, ಟ್ಯಾಂಕಿನ ಬಿಸಿ ಬೇರೆ

ಎರಡನೇ ಅಂಕಿ ಇದು: 38 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟಿನಲ್ಲಿ 100.4, ಮಗುವಿಗೆ ಜ್ವರ ಅಂತ ಗಾಬರಿಯಾಗುವ ಅಂಕಿ.

ಮೊದಲ ಡೆವಲಪರ್ ಮಾಡುವ ಕೆಲಸ ವಿಚಿತ್ರ. ಬೆಳಕು ಬಿದ್ದ ಕಡೆಯೆಲ್ಲ ಬೆಳ್ಳಿಯ ಕಪ್ಪು ಚಿತ್ರ ಮಾಡಿಬಿಡುತ್ತದೆ, ಅಂದರೆ ಒಂದು ಕಪ್ಪುಬಿಳುಪಿನ ನೆಗೆಟಿವ್. ಅದು ಮುಟ್ಟದೆ ಬಿಟ್ಟ ಬೆಳ್ಳಿಯ ಉಪ್ಪೇ ಮುಂದೆ ಕಲರ್ ಡೆವಲಪರಿನಲ್ಲಿ ಬಣ್ಣವಾಗುವುದು. ಕೊನೆಗೆ ಬ್ಲಿಕ್ಸ್ ಬಂದು ಬೆಳ್ಳಿಯನ್ನೆಲ್ಲ ಗುಡಿಸಿ ಬಣ್ಣವನ್ನಷ್ಟೇ ಉಳಿಸುತ್ತದೆ. ಹಾಗಾಗಿ ಮೊದಲ ಡೆವಲಪರ್ ಹೆಚ್ಚು ತಿಂದರೆ ಬಣ್ಣಕ್ಕೆ ಉಳಿಯುವುದು ಕಡಿಮೆ, ಸ್ಲೈಡು ಬಿಳಿಚುತ್ತದೆ. ಕಡಿಮೆ ತಿಂದರೆ ಸ್ಲೈಡು ಕಪ್ಪು. ಆರು, ಆರೂವರೆ ನಿಮಿಷದಲ್ಲಿ ಎಲ್ಲ ತೀರ್ಮಾನ. ಮೈಸೂರು ಪಾಕು ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹದ ಬಂದ ಗಳಿಗೆಗೆ ಇಳಿಸದಿದ್ದರೆ ಇಟ್ಟಿಗೆ. ಇಲ್ಲಿ ಸಲಿಗೆ 0.3 ಡಿಗ್ರಿ ಮಾತ್ರ.

ನನ್ನ ಮೊದಲ ಸ್ಲೈಡ್ ರೋಲು ಬೆಂಗಳೂರಿನ ಜನವರಿಯ ಬೆಳಗ್ಗೆ ಹಾಳಾಯಿತು. ಟಬ್ಬಿನಲ್ಲಿ 38 ಡಿಗ್ರಿ ನೀರು, ಅದರಲ್ಲಿ ಬಾಟಲಿಗಳು, ಎಲ್ಲವೂ ಶಾಸ್ತ್ರೋಕ್ತ. ಆದರೆ ಟ್ಯಾಂಕು ರಾತ್ರಿಯೆಲ್ಲ ಬಚ್ಚಲ ನೆಲದ ಮೇಲಿತ್ತು. ಬಿಸಿ ಡೆವಲಪರ್ ಒಳಗೆ ಹೋದ ಕೂಡಲೇ ತಣ್ಣನೆಯ ಪ್ಲಾಸ್ಟಿಕ್ಕೂ ಸ್ಪೈರಲ್ಲೂ ಅದರ ಬಿಸಿ ಹೀರಿದವು. ಅಲ್ಲಾಡಿಸುವುದಕ್ಕೆ ಟಬ್ಬಿನಿಂದ ಹೊರಗೆ ತೆಗೆದಾಗಲೆಲ್ಲ ಇನ್ನಷ್ಟು ಆರಿತು. ಆರು ನಿಮಿಷ ಕಳೆದು ಹೊರಗೆ ಸುರಿದಾಗ ಥರ್ಮಾಮೀಟರ್ ಅದ್ದಿ ನೋಡಿದೆ, 35.5. ಆಗ ಮಾಡುವಂಥದ್ದೇನೂ ಉಳಿದಿರಲಿಲ್ಲ. ಹನ್ನೆರಡೂ ಚಿತ್ರದಲ್ಲಿ ಮಧ್ಯಾಹ್ನಕ್ಕೇ ಮುಸ್ಸಂಜೆ.

ಆಮೇಲಿನಿಂದ ಹೀಗೆ ಮಾಡುತ್ತೇನೆ. ಟಬ್ಬು ದೊಡ್ಡದು, ಇಪ್ಪತ್ತು ಲೀಟರಿನದು. ನೀರು ಹೆಚ್ಚಿದಷ್ಟೂ ಬಿಸಿ ನಿಧಾನ ಇಳಿಯುತ್ತದೆ. ನೀರಿನ ಬಿಸಿ ಒಂದೇ ಮಟ್ಟದಲ್ಲಿಡಲು ಅಡುಗೆಯವರು ಬಳಸುವ ಸೂ ವೀಡ್ ಕೋಲನ್ನು ಅದರಲ್ಲಿ ನಿಲ್ಲಿಸಿದರೆ ಕಾವಲುಗಾರ ಸಿಕ್ಕಿದ ಹಾಗೆ. ಫಿಲ್ಮ್ ತುಂಬಿದ ಟ್ಯಾಂಕನ್ನು ಅರ್ಧ ಗಂಟೆ ಮೊದಲೇ ಕುತ್ತಿಗೆಯ ತನಕ ಮುಳುಗಿಸಿಡುತ್ತೇನೆ. ಡೆವಲಪರಿಗೆ ಮುಂಚೆ 38 ಡಿಗ್ರಿಯ ಬರೀ ನೀರನ್ನು ಒಂದು ನಿಮಿಷ ಹಾಕಿ ಚೆಲ್ಲುತ್ತೇನೆ. ಹೊರಗೆ ಸುರಿದ ಡೆವಲಪರನ್ನು ಪ್ರತಿ ಸಲವೂ ಅಳೆದು ಬರೆದಿಡುತ್ತೇನೆ. ಅಲ್ಲಿ 37.8 ಕಂಡರೆ ಊಟ ರುಚಿಸುತ್ತದೆ.

ನಿಮ್ಮ ಥರ್ಮಾಮೀಟರೇ ಸುಳ್ಳು ಹೇಳುತ್ತಿದ್ದರೆ? ಮನೆಯಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಇರುತ್ತದಲ್ಲ, ನಮಗೆ ಬೇಕಾದ ಮಟ್ಟದಲ್ಲೇ ಅದು ತೀರಾ ನಿಖರ. ಎರಡನ್ನೂ ಒಂದೇ ಬೆಚ್ಚನೆಯ ನೀರಿಗೆ ಅದ್ದಿ ತಾಳೆ ನೋಡಿ, ವ್ಯತ್ಯಾಸವನ್ನು ಬರೆದಿಡಿ. ಜ್ವರದ್ದು ಗರಿಷ್ಠ ಅಂಕಿಗೆ ನಿಂತುಬಿಡುವುದರಿಂದ ತಾಳೆ ನೋಡುವುದಕ್ಕಷ್ಟೇ ಸರಿ.

ಬೇಕೆಂದೇ ಹದ ಬದಲಿಸುವುದೂ ಇಲ್ಲೇ. ಇಡೀ ರೋಲನ್ನು ಒಂದು ಸ್ಟಾಪ್ ಕಡಿಮೆ ಬೆಳಕಲ್ಲಿ ತೆಗೆದಿದ್ದರೆ ಮೊದಲ ಡೆವಲಪರಿಗೆ ಎರಡು ನಿಮಿಷದ ಆಸುಪಾಸು ಸೇರಿಸಿ. ಕಿಟ್ಟಿನ ಚೀಟಿಯಲ್ಲಿ ನಿಖರ ಅಂಕಿ ಇರುತ್ತದೆ. ಚೀಟಿಗೂ ನನ್ನ ಮಾತಿಗೂ ಜಗಳ ಬಂದರೆ ಚೀಟಿಯದ್ದೇ ಸರಿ.

14. ನಿಮ್ಮ ದನಿಯನ್ನೇ ಕೂಲಿಗಿಟ್ಟುಕೊಳ್ಳಿ

ಗವಸು ತೊಟ್ಟ ಒದ್ದೆ ಕೈಯಲ್ಲಿ ಫೋನಿನ ಟೈಮರ್ ಒತ್ತಲು ಹೋಗಿ ಪಜೀತಿಯಾಗುತ್ತದೆ. ಪೂರ್ತಿ ಕ್ರಮವನ್ನು ಗಡಿಯಾರ ನೋಡುತ್ತಾ ಒಂದೇ ಆಡಿಯೊ ಆಗಿ ರೆಕಾರ್ಡ್ ಮಾಡಿ: ‘ಈಗ ಸುರಿ’, ‘ಅಲ್ಲಾಡಿಸು’, ‘ಇನ್ನು ಹತ್ತು ಸೆಕೆಂಡು’, ‘ಚೆಲ್ಲು’. ಚೆಲ್ಲುವ ಹತ್ತು ಸೆಕೆಂಡೂ ಆರು ನಿಮಿಷದೊಳಗಿನ ಲೆಕ್ಕವೇ. ಮೊದಲ ಅರ್ಧ ನಿಮಿಷ ಬಿಡದೆ, ಆಮೇಲೆ ಅರ್ಧ ನಿಮಿಷಕ್ಕೊಮ್ಮೆ ಎರಡು ಸಲ ತಲೆಕೆಳಗು ಮಾಡಿ. ಪ್ರತಿ ಸಲವೂ ಅದೇ ಲಯ ಇರಲಿ.

ಲಯ ಅಂದಾಗ ನೆನಪಾಯಿತು. 1935ರಲ್ಲಿ ಕೊಡಾಕ್ರೋಮ್ ಕಂಡುಹಿಡಿದ ಲಿಯೊಪೋಲ್ಡ್ ಮ್ಯಾನ್ಸ್ ಮತ್ತು ಲಿಯೊಪೋಲ್ಡ್ ಗೊಡೊವ್‌ಸ್ಕಿ ಸಂಗೀತಗಾರರು, ಒಬ್ಬರದು ಪಿಯಾನೊ, ಇನ್ನೊಬ್ಬರದು ಪಿಟೀಲು. ಕತ್ತಲಕೋಣೆಯಲ್ಲಿ ಗಡಿಯಾರ ಕಾಣದ್ದರಿಂದ ಬ್ರಾಮ್ಸ್‌ನ ಸಂಗೀತವನ್ನು ಶಿಳ್ಳೆ ಹಾಕುತ್ತಾ ಸಮಯ ಅಳೆಯುತ್ತಿದ್ದರಂತೆ. ಅವರ ಫಿಲ್ಮ್ ಮನೆಯಲ್ಲಿ ತೊಳೆಯುವಂಥದ್ದಲ್ಲ; ಬಣ್ಣ ಕಟ್ಟುವ ರಾಸಾಯನಿಕ ಫಿಲ್ಮಿನಲ್ಲಿರದೆ ಡೆವಲಪರಿನಲ್ಲಿರುತ್ತಿತ್ತು, ಒಂದೊಂದು ಪದರಕ್ಕೂ ಬೇರೆ ಬೇರೆ ಸ್ನಾನ. ಮರುವರ್ಷ ಜರ್ಮನಿಯ ಆಗ್ಫಾದವರು ಆ ರಾಸಾಯನಿಕವನ್ನು ಫಿಲ್ಮಿನ ಪದರದೊಳಕ್ಕೇ ಸೇರಿಸಿದರು. ನಮ್ಮ ಬಚ್ಚಲುಮನೆಯಲ್ಲಿ ಇವತ್ತು ಬಣ್ಣ ಅರಳುವುದು ಆ ಜಾಣತನದಿಂದ. ಕೊಡಾಕ್ರೋಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬು, ಅಮೆರಿಕದ ಕ್ಯಾನ್ಸಸ್‌ನ ಪಾರ್ಸನ್ಸ್ ಅನ್ನುವ ಸಣ್ಣ ಊರಿನದು, 2010ರ ಡಿಸೆಂಬರ್ 30ರಂದು ರೋಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

15. ಉಳಿದ ಸ್ನಾನಗಳಿಗೆ ಉಸಿರು ಬಿಡಿ

ಮೊದಲ ಡೆವಲಪರ್ ಆದ ಮೇಲೆ ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಲರ್ ಡೆವಲಪರಿಗೆ ಒಂದರ್ಧ ಡಿಗ್ರಿ ಆಚೀಚೆ ನಡೆಯುತ್ತದೆ, ಬ್ಲಿಕ್ಸಿಗೆ ಇನ್ನೂ ಧಾರಾಳ. ಬ್ಲಿಕ್ಸ್ ಹೆಚ್ಚು ಹೊತ್ತು ಇದ್ದರೆ ಕೇಡಿಲ್ಲ, ಕಡಿಮೆಯಾದರೆ ಬೆಳ್ಳಿ ಉಳಿದು ಬಣ್ಣ ಕೊಳಕಾಗುತ್ತದೆ. ಎರಡು ನಿಮಿಷ ಜಾಸ್ತಿಯೇ ಕೊಡಿ. ಟ್ಯಾಂಕಿನೊಳಗೆ ಅದು ಗ್ಯಾಸು ಕಟ್ಟುತ್ತದೆ, ಒಮ್ಮೆ ಅಲ್ಲಾಡಿಸಿ ಮುಚ್ಚಳ ಸಡಿಲಿಸಿ, ಮೊಸರು ಕಡೆದಷ್ಟು ಹುರುಪು ಬೇಡ. ಬಚ್ಚಲ ಗೋಡೆಗೆ ಹಾರಿದ ಕಂದು ಕಲೆಯ ಬಗ್ಗೆ ಮನೆಯವರು ಈಗಲೂ ಕೇಳುತ್ತಾರೆ.

ಒಂದು ಲೀಟರಿನಲ್ಲಿ ಎಷ್ಟು ರೋಲು ಅನ್ನುವುದು ಚೀಟಿಯಲ್ಲಿದೆ. ಪ್ರತಿ ರೋಲಿಗೂ ಸಮಯ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ, ಬಾಟಲಿಯ ಮೇಲೆ ಗೀಟು ಹಾಕಿ ಎಣಿಸಿ. ತಿಂಗಳುಗಟ್ಟಲೆ ಇಟ್ಟು ತೊಳೆಯುವ ಆಸೆ ಬೇಡ. ನಾಲ್ಕೈದು ರೋಲು ಕೂಡಿದ ಮೇಲೆ ಕಿಟ್ ಕಲಸಿ, ಒಂದೇ ವಾರಾಂತ್ಯದಲ್ಲಿ ಮುಗಿಸಿ.

16. ಒದ್ದೆ ಫಿಲ್ಮ್ ನೋಡಿ ಅಳಬೇಡಿ

ಟ್ಯಾಂಕಿನಿಂದ ಎಳೆದಾಗ ಹಾಲು ಬೆರೆಸಿದಂತೆ, ನೀಲಿ ನೀಲಿಯಾಗಿ ಕಾಣುತ್ತದೆ. ಕೆಟ್ಟಿತು ಅಂತ ಬಿಸಾಡಲು ಹೋಗಿದ್ದೆ ನಾನು. ಒಣಗುತ್ತಾ ಕಪ್ಪು ಕಪ್ಪಾಗುತ್ತದೆ, ಕೆಂಪು ಮೇಲೇಳುತ್ತದೆ. ಸ್ಟೆಬಿಲೈಸರಿನಲ್ಲಿ ಅದ್ದಿದ ಮೇಲೆ ನೀರಿಗೆ ಹಿಡಿಯಬೇಡಿ, ಒರೆಸಬೇಡಿ. ಷವರಿನ ಬಿಸಿನೀರು ಐದು ನಿಮಿಷ ಬಿಟ್ಟು ಬಚ್ಚಲಿನ ಧೂಳು ಕೂರಿಸಿ, ಆಮೇಲೆ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿ. ಕೆಳಗಿನ ತುದಿಗೂ ಒಂದು ಕ್ಲಿಪ್ಪು. ಫ್ಯಾನು ಬೇಡವೇ ಬೇಡ.

17. ಹೊಳೆಯುವ ಮೈ ನಿಮ್ಮ ಕಡೆ

ನೋಡುವುದಕ್ಕೆ ಲೈಟ್ ಟೇಬಲ್ ಇಲ್ಲದಿದ್ದರೆ ಟ್ಯಾಬ್ಲೆಟ್ ಪರದೆಯನ್ನು ಪೂರ್ತಿ ಬಿಳಿಯಾಗಿಸಿ. ಫಿಲ್ಮನ್ನು ಒಂದೆರಡು ಸೆಂಟಿಮೀಟರ್ ಮೇಲೆ ಹಿಡಿದರೆ ಪರದೆಯ ಚುಕ್ಕಿಗಳು ಕಾಣವು. 6×6 ಸ್ಲೈಡಿನ ಪ್ರೊಜೆಕ್ಟರ್ ಈಗ ಸಿಗುವುದು ಅಪರೂಪ. ಚಿತ್ರದ ನಡುವಿನ 4×4 ಸೆಂ.ಮೀ. ಕತ್ತರಿಸಿಕೊಳ್ಳುವ ಎದೆಗಾರಿಕೆ ಇದ್ದರೆ ಅದಕ್ಕೆ ತಕ್ಕ ತೂತಿರುವ 5×5ರ ಚೌಕಟ್ಟಿಗೆ ಹಾಕಿ ಮಾಮೂಲಿ 35 ಮಿ.ಮೀ. ಪ್ರೊಜೆಕ್ಟರಿನಲ್ಲೇ ಬಿಡಬಹುದು. ನನಗೆ ಇನ್ನೂ ಆ ಎದೆಗಾರಿಕೆ ಬಂದಿಲ್ಲ.

ಚೌಕದ ಸ್ಲೈಡನ್ನು ಎಂಟು ರೀತಿ ಹಿಡಿಯಬಹುದು, ಸರಿಯಾದದ್ದು ಒಂದೇ. ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಜವಳಿ ಅಂಗಡಿಯ ಸ್ಲೈಡು ತಲೆಕೆಳಗಾಗಿ ಬಂದು ಗಾಂಧಿ ಕ್ಲಾಸು ಶಿಳ್ಳೆ ಹಾಕಿದ್ದನ್ನು ಕೇಳಿದವರಿಗೆ ಇದು ಗೊತ್ತು. ಫಿಲ್ಮಿಗೆ ಒಂದು ಮೈ ಹೊಳಪು, ಒಂದು ಮೈ ಮಂಕು. ಹೊಳೆಯುವ ಮೈ ನಿಮ್ಮ ಕಡೆಗಿದ್ದರೆ ಎಡಬಲ ಸರಿ.

ಎರಡನೇ ರೋಲಿನ ಏಳನೇ ಚಿತ್ರ ಊರಿನ ಮನೆಯ ಹಿತ್ತಿಲು. ಒಣಗಿದ್ದೇ ತಡ ದೊಡ್ಡಮ್ಮನ ಕೈಗೆ ಕೊಟ್ಟೆ. ಅಡುಗೆಮನೆಯ ಕಿಟಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಕನಕಾಂಬರದ ಬಣ್ಣ ಕನಕಾಂಬರದ್ದೇ ಅಂದರು. ಆಮೇಲೆ, ‘ಅದೆಲ್ಲ ಸರಿ ಕಣೋ, ನಮ್ಮ ಬಾವಿ ಯಾವಾಗ ಆ ಕಡೆಗೆ ಹೋಯ್ತು?’